ವೀರಗಲ್ಲನ್ನು ಕಿತ್ತು ಪಾರ್ಕಿಗೆ ಸಾಗಿಸುವ ಮೊದಲು

ಮಾನ್ಯ ಸಂಪಾದಕರೇ,

ತಾಲ್ಲೂಕು ಕೇಂದ್ರದಲ್ಲೊಂದು ಯೋಧರ ಸ್ಮಾರಕ ಬೇಕೆಂಬ ಕೂಗು ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಗಾಗ ಏಳುತ್ತದೆ. ಕಟ್ಟಲಿ, ಬೇಡವೆನ್ನುವವರು ಯಾರು? ಆದರೆ ಆ ಬೇಡಿಕೆಯ ಹಿಂದೆಯೇ ಇನ್ನೊಂದು ಸಲಹೆ ಬರುತ್ತದೆ. ಹಳ್ಳಿಗಳಲ್ಲಿ ‘ಅನಾಥವಾಗಿ’ ಬಿದ್ದಿರುವ ವೀರಗಲ್ಲುಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದು, ಹೊಸ ಸ್ಮಾರಕದ ಸುತ್ತ ಸಿಮೆಂಟಿನಲ್ಲಿ ಸಾಲಾಗಿ ನೆಟ್ಟು, ಬಣ್ಣ ಬಳಿದು ನಿಲ್ಲಿಸೋಣ ಎನ್ನುವುದು ಆ ಸಲಹೆ. ಒಳ್ಳೆಯ ಮನಸ್ಸಿನಿಂದ ಹೇಳುವ ಮಾತೇ ಇದು. ಆದರೂ ಹಾಗೆ ಮಾಡಬಾರದು ಎನ್ನುವುದಕ್ಕೆ ಕಾರಣಗಳಿವೆ, ಮಾಡಲೇಬೇಕಾಗಿ ಬಂದರೆ ಅದಕ್ಕೊಂದು ಕ್ರಮವಿದೆ. ಎರಡನ್ನೂ ತಿಳಿಸಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇವೆ.

ಮೊದಲಿಗೆ, ನಮ್ಮ ಊರುಗಳಿಗೆ ಯುದ್ಧಸ್ಮಾರಕ ಹೊಸದೇನೂ ಅಲ್ಲ. ಗಂಗರು ತಮ್ಮನ್ನು ಕುವಳಾಲಪುರವರೇಶ್ವರರೆಂದು ಕರೆದುಕೊಂಡದ್ದು ಇದೇ ಕೋಲಾರದ ಹೆಸರಿನಲ್ಲಿ. ಪೂರ್ವಕ್ಕೆ ಬಾಣರು, ಅವರಾಚೆ ವೈದುಂಬರು, ವಾಯವ್ಯಕ್ಕೆ ಹೆಂಜೇರಿನ ನೊಳಂಬರು. ಎಂಟರಿಂದ ಹತ್ತನೆಯ ಶತಮಾನದವರೆಗೆ ಈ ನಾಲ್ಕು ಅರಸುಮನೆತನಗಳ ಗಡಿ ಹಾದುಹೋದದ್ದು ಇಂದಿನ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿಗಳ ಹೊಲಗದ್ದೆಗಳ ನಡುವೆ. ಗಡಿ ಅಂದಮೇಲೆ ದನ ಹೊಡೆದುಕೊಂಡು ಹೋಗುವವರಿದ್ದರು, ಊರಿಗೆ ಬೆಂಕಿ ಇಡುವವರಿದ್ದರು, ತಡೆಯಲು ಹೋಗಿ ಬಿದ್ದವರೂ ಇದ್ದರು. ಬಿದ್ದವರಿಗೆ ಕಲ್ಲು ನಿಂತಿತು. ಬಾಣರೂ ವೈದುಂಬರೂ ಒಂದು ಕಡೆ, ನೊಳಂಬರೂ ಗಂಗರೂ ಇನ್ನೊಂದು ಕಡೆ ನಿಂತು ಕಾದಿದ ಸೊರೆಮಡಿ ಕಾಳಗದ ಸುದ್ದಿ ನಮಗೆ ತಿಳಿದಿರುವುದೇ ಇಂಥ ಕಲ್ಲುಗಳಿಂದ. ತುಮಕೂರು ತಾಲ್ಲೂಕಿನ ಹಿರೇಗುಂಡಗಲ್ಲಿನ ವೀರಗಲ್ಲುಗಳದ್ದೂ ಇದೇ ಕಥೆ. ಗಂಗ ಶ್ರೀಪುರುಷನ ಕಾಲದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ದಂಡು ಗಂಗವಾಡಿಗೆ ನುಗ್ಗಿದಾಗ ಪಿಂಚನೂರು, ಕಾಗೆಮೊಗೆಯೂರು, ಬಾಗೆಯೂರುಗಳಲ್ಲಿ ನಡೆದ ಕಾಳಗಗಳನ್ನೂ ಅಲ್ಲಿ ಸತ್ತವರನ್ನೂ ಅವು ಹೇಳುತ್ತವೆ. ಕೃಷ್ಣ ಕ್ರಿ.ಶ. 768ರಲ್ಲಿ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ಬೀಡುಬಿಟ್ಟಿದ್ದನೆಂಬುದನ್ನು ಅವನದೇ ತಾಮ್ರಪಟ ಹೇಳುತ್ತದೆ. ಗೆದ್ದವನ ಮಾತು ತಾಮ್ರದಲ್ಲಿ ಉಳಿಯಿತು, ತಡೆದು ಬಿದ್ದವರ ಮಾತು ಹಳ್ಳಿಯ ಕಲ್ಲಿನಲ್ಲಿ ಉಳಿಯಿತು. ಎರಡನ್ನೂ ಜೋಡಿಸಿದಾಗಲೇ ಚರಿತ್ರೆಕಾರರಿಗೆ ಆ ಯುದ್ಧ ಅರ್ಥವಾದದ್ದು.

ಸುಮಾರು 1004ರಿಂದ 1116ರವರೆಗೆ ಇಲ್ಲಿ ಚೋಳರ ಆಳ್ವಿಕೆ. ಕೋಲಾರದ ಸೀಮೆ ಆಗ ನಿಗರಿಲಿ ಚೋಳಮಂಡಲ. ಹಾಗಾಗಿ ಆ ಕಾಲದ ಹಲವು ಕಲ್ಲುಗಳು ತಮಿಳಿನಲ್ಲಿವೆ. ಬಾಗೇಪಲ್ಲಿಯ ಕಡೆ ತೆಲುಗೂ ಸಿಗುತ್ತದೆ. ಓದಲು ಬಾರದ ಲಿಪಿ ಕಂಡರೆ ಯಾರೋ ಹೊರಗಿನವರ ಕಲ್ಲೆಂದು ಮಗ್ಗುಲಿಗೆ ತಳ್ಳುವುದುಂಟು. ಅದರಲ್ಲಿ ಸತ್ತವನೂ ಇದೇ ಊರಿನವನು.

ಬಂದೂಕು, ಫಿರಂಗಿ ಬರುವ ಹೊತ್ತಿಗೆ ಕಲ್ಲು ನಿಲ್ಲಿಸುವ ರೂಢಿ ತೀರಾ ಕಡಿಮೆಯಾಗಿತ್ತು. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಯ ದಂಡಿಗೂ ಕರ್ನಲ್ ವುಡ್‌ನ ಕಂಪನಿ ಸೈನ್ಯಕ್ಕೂ ದೊಡ್ಡ ಕಾಳಗವಾಯಿತು. 1791ರ ಅಕ್ಟೋಬರಿನಲ್ಲಿ ನಂದಿದುರ್ಗಕ್ಕೆ ಮುತ್ತಿಗೆ ಬಿತ್ತು. ಸೇನಾಪತಿಗಳ ಹೆಸರು ಪುಸ್ತಕಕ್ಕೆ ಹೋಯಿತು, ಸಿಪಾಯಿಗಳದ್ದು ಹೋಗಲಿಲ್ಲ. ಇರಾಕಿನಲ್ಲಿರುವ ಮೊದಲ ಮಹಾಯುದ್ಧದ ಬಸ್ರಾ ಸ್ಮಾರಕ 40 ಸಾವಿರಕ್ಕೂ ಹೆಚ್ಚು ಸೈನಿಕರದ್ದು. ಅದರ ಗೋಡೆಯ ಮೇಲೆ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರೇ ಹೊರತು ಸಾಮಾನ್ಯ ಸಿಪಾಯಿಗಳು ಇಂಥ ರೆಜಿಮೆಂಟಿನವರು ಇಷ್ಟು ಜನ ಎಂಬ ಲೆಕ್ಕವಾಗಿ ಉಳಿದರು. ಅದಕ್ಕೆ ಸಾವಿರ ವರ್ಷ ಮೊದಲೇ ನಮ್ಮ ಹಳ್ಳಿಗಳಲ್ಲಿ ತುರು ಕಾದು ಸತ್ತವನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಕಲ್ಲಿಗೆ ಬಿದ್ದಿತ್ತು. ಈ ವ್ಯತ್ಯಾಸ ಗೊತ್ತಿದ್ದವರು ವೀರಗಲ್ಲನ್ನು ಪಾರ್ಕಿನ ಅಲಂಕಾರಕ್ಕೆ ತರಲು ಹೇಳಲಾರರು.

ಈಗ ಜಾಗದ ವಿಚಾರ. ವೀರಗಲ್ಲಿನ ಬರಹ ಸಾಮಾನ್ಯವಾಗಿ ಮೂರು ಸಂಗತಿ ಹೇಳುತ್ತದೆ: ಯಾವ ಅರಸ ಆಳುತ್ತಿದ್ದ, ಯಾರು ಏಕೆ ಸತ್ತ, ಅವನ ಮನೆಯವರಿಗೆ ಏನು ಕೊಟ್ಟರು. ಕೊನೆಯದೇ ಕಲ್ನಾಡು, ಅಂದರೆ ಸತ್ತವನ ಕುಟುಂಬಕ್ಕೆ ಬಿಟ್ಟ ನೆಲ. ಇಂಥದೇ ಕೊಡುಗೆಗೆ ಬಾಳ್ಗಚ್ಚು, ನೆತ್ತರುಕೊಡಗೆ ಎಂಬ ಮಾತುಗಳೂ ಬರುತ್ತವೆ. ಆ ನೆಲವನ್ನು ಕೆರೆಯ ಕೆಳಗೆ, ಹಳ್ಳದ ಬಡಗಲಿಗೆ ಎಂದು ಸುತ್ತಲಿನ ಗುರುತಿನಿಂದಲೇ ಹೇಳಿರುತ್ತಾರೆ. ಕಲ್ಲು ಅಲ್ಲೇ ಇದ್ದರೆ ಯಾವ ಕೆರೆ, ಯಾವ ಹಳ್ಳ ಎಂದು ಇವತ್ತಿಗೂ ನಿಂತು ನೋಡಬಹುದು. ಪಾರ್ಕಿಗೆ ತಂದ ದಿನವೇ ಆ ಮಾತಿಗೆ ಅರ್ಥ ಹೋಗುತ್ತದೆ. ಅಕ್ಷರವೇ ಇಲ್ಲದ ಕಲ್ಲಿನ ಪಾಡು ಇನ್ನೂ ಕಷ್ಟ. ಅದಕ್ಕಿರುವ ಸಾಕ್ಷಿ ಶಿಲ್ಪ ಮತ್ತು ಸ್ಥಳ ಎರಡೇ, ಅದರಲ್ಲಿ ಒಂದನ್ನು ನಾವೇ ಕಿತ್ತುಹಾಕಿದ ಹಾಗೆ.

ಇನ್ನೊಂದು ತೊಡಕು ದಾಖಲೆಯದ್ದು. ಬಿ.ಎಲ್. ರೈಸ್ ಅವರು ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದದ್ದು. 12ನೆಯದು ತುಮಕೂರಿನದು, 1904ರದು. ಅವುಗಳಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕುವಾರು ಸಂಖ್ಯೆ ಇದೆ, ಊರಿನ ಹೆಸರಿದೆ, ಊರಿನ ಯಾವ ದಿಕ್ಕಿನಲ್ಲಿ, ಯಾವ ಗುಡಿಯ ಬಳಿ ಕಲ್ಲು ಇತ್ತೆಂಬ ಒಂದು ಸಾಲಿದೆ. ಒಂದೇ ಊರಿನಲ್ಲಿ ನಾಲ್ಕೈದು ವೀರಗಲ್ಲು ಇದ್ದಲ್ಲಿ ಯಾವುದು ಯಾವುದೆಂದು ಗುರುತಿಸಲು ಸುಲಭದ ದಾರಿ ಆ ಒಂದು ಸಾಲು. ಕಲ್ಲುಗಳನ್ನು ಒಟ್ಟಿಗೆ ಸಾಗಿಸಿ ಬೆರೆಸಿಬಿಟ್ಟರೆ ನೂರು ವರ್ಷ ಹಿಂದೆ ಓದಿಟ್ಟ ಪಾಠ ಯಾವ ಕಲ್ಲಿನದೆಂದು ಮತ್ತೆ ಮೊದಲಿನಿಂದ ಹುಡುಕಬೇಕು. ಅಷ್ಟರಲ್ಲಿ ಅಕ್ಷರ ಸವೆದಿದ್ದರೆ ಹುಡುಕಿಯೂ ಪ್ರಯೋಜನವಿಲ್ಲ.

ತಮ್ಮೂರಿನ ಕಲ್ಲು ಈ ಸಂಪುಟದಲ್ಲಿ ಇದೆಯೇ ಎಂದು ನೋಡುವವರಿಗೆ ಕೆಲವು ಸೂಚನೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿಗಳ ಊರುಗಳನ್ನೂ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಊರುಗಳ ಕಾಗುಣಿತ ಇಂದಿನದಕ್ಕಿಂತ ಬೇರೆ ಇರುತ್ತದೆ, ಹೋಬಳಿ ನೋಡಿಕೊಂಡು ಅಕ್ಕಪಕ್ಕದ ಊರುಗಳಿಂದ ಅಂದಾಜು ಮಾಡಬೇಕು. ಅಲ್ಲಿ ಸಿಗದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳನ್ನು ನೋಡಬೇಕು. ರೈಸ್ ನಂತರ ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ಅವರ ಕಾಲದಲ್ಲಿ ಸಿಕ್ಕ ಹೊಸ ಶಾಸನಗಳು ಅವುಗಳಲ್ಲಿವೆ. ಎಲ್ಲಿಯೂ ಸಿಗದಿದ್ದರೆ ನಿಮ್ಮ ಕಲ್ಲು ಹೊಸದಿರಬಹುದು, ಆಗಂತೂ ಕೈ ಹಚ್ಚುವ ಮೊದಲು ಇನ್ನಷ್ಟು ಎಚ್ಚರ ಬೇಕು.

ಶಕ ವರ್ಷ ಕಂಡರೆ 78 ಕೂಡಿಸಿ ಕ್ರಿಸ್ತಶಕ ಎನ್ನುವ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ನಡೆಯುತ್ತಿರುವ ವರ್ಷವೋ ಕಳೆದ ವರ್ಷವೋ ಎಂಬುದರ ಮೇಲೆ ಒಂದು ವರ್ಷ ಹಿಂದುಮುಂದಾಗುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ ಶಕ 872 ಎಂದಿದೆ. ಸೌಮ್ಯ ಸಂವತ್ಸರವನ್ನು ಹೊಂದಿಸಿ ನೋಡಿದರೆ ಅದು ಕ್ರಿ.ಶ. 949–50. ಸಂವತ್ಸರದ ಹೆಸರನ್ನು ಬಿಟ್ಟು ಬರೀ ಅಂಕಿ ಬರೆದುಕೊಂಡು ಬರುವವರು ಇಲ್ಲಿ ಎಡವುತ್ತಾರೆ. ಅಂದಹಾಗೆ, ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲಂ ಯುದ್ಧದ ಸುದ್ದಿ ಹೇಳುವ ಆ ಕಲ್ಲಿನ ನಾಯಕ ಒಂದು ನಾಯಿ, ಹಂದಿಯೊಡನೆ ಕಾದಿ ಸತ್ತ ಕಾಳಿ. ಅದೂ ಬೇಗೂರಿನ ಪ್ರಸಿದ್ಧ ವೀರಗಲ್ಲೂ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಹಾಗಾದರೆ ಅವನ್ನು ಸಾಗಿಸಬಹುದಾಗಿತ್ತೇ ಎಂದು ಕೇಳುವವರಿರಬಹುದು. ಅವು ಹೋದದ್ದು ಸೂರಿನ ಕೆಳಗೆ, ಓದಿ ಅಚ್ಚು ಹಾಕಿಸಿದ ಪಾಠದೊಡನೆ, ಊರಿನ ಹೆಸರು ಹೊತ್ತುಕೊಂಡು. ನಗರಸಭೆಯ ಪಾರ್ಕಿನಲ್ಲಿ ಸ್ಪ್ರಿಂಕ್ಲರ್ ನೀರಿನ ಕೆಳಗೆ ನಿಲ್ಲುವ ಕಲ್ಲಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಅಕ್ಷರವಿಲ್ಲದ ಕಲ್ಲನ್ನು ಶಿಲ್ಪದಿಂದಲೇ ಅಷ್ಟಿಷ್ಟು ಓದಬಹುದು. ವೀರನ ಹಿಂದೆ ಅಥವಾ ಕಾಲ ಬಳಿ ದನಗಳಿದ್ದರೆ ತುರುಗಾಳಗ. ಎದುರಿಗೆ ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು, ಅವನನ್ನು ಯುದ್ಧಕ್ಕೆ ಸೇರಿಸಬಾರದು. ತಲೆಯ ಮೇಲೆ ಕೊಡೆ ಇದ್ದರೆ ಪದವಿಯವನು. ಕಂಬದಿಂದ ಬಳೆ ತೊಟ್ಟ ತೋಳು ಮೇಲಕ್ಕೆ ಚಾಚಿದ್ದರೆ ಅದು ಸತಿಹೋದವಳ ನೆನಪಿನ ಮಾಸ್ತಿಗಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಎಂಬ ಮೂರು ಅಂಕಣದ ವಿವರಣೆ ಶಾಲಾ ಪುಸ್ತಕದಲ್ಲಿ ಬರುತ್ತದಲ್ಲ, ಅದನ್ನೇ ಹಿಡಿದು ಹುಡುಕಿದರೆ ನಮ್ಮ ಸೀಮೆಯಲ್ಲಿ ನಿರಾಸೆಯಾಗುತ್ತದೆ. ಇಲ್ಲಿಯ ಗಂಗ, ಬಾಣ, ನೊಳಂಬ ಕಾಲದ ಕಲ್ಲುಗಳಲ್ಲಿ ಬಹುಪಾಲು ಒಂದೇ ಅಂಕಣದವು. ದೊಡ್ಡ ಆಳ್ತನದ ವೀರ, ಮೈಗೆ ನಾಟಿದ ಬಾಣಗಳು, ತಲೆಯ ಸುತ್ತಲೋ ಮೇಲಿನ ಅಂಚಿನಲ್ಲೋ ಬರಹ. ಹಾಗಾಗಿ ಮೇಲಂಚು ಒಡೆದರೆ ಹೋಗುವುದು ಬರಹವೇ.

ಇನ್ನು ಏನು ಕೆಡಿಸುತ್ತದೆ ಎಂಬುದು. ಮೊದಲ ಶತ್ರು ಆಯಿಲ್ ಪೇಂಟ್. ಜೀರ್ಣೋದ್ಧಾರದ ಹುರುಪಿನಲ್ಲಿ ವೀರನಿಗೆ ಕೆಂಪು ಧೋತರ, ಕಪ್ಪು ಮೀಸೆ ಬರೆಯುತ್ತಾರೆ. ನಮ್ಮ ಕಡೆಯ ಕಲ್ಲು ಗಟ್ಟಿ ಕಣಶಿಲೆಯೇ (ಗ್ರಾನೈಟ್) ಆದರೂ ನೆಲದಿಂದ ತೇವ ಏರಿ ಮೈಯಿಂದ ಆವಿಯಾಗುತ್ತಿರುತ್ತದೆ. ಪೇಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೆ ನಿಂತು, ಪದರ ಉಬ್ಬಿ, ಕಳಚುವಾಗ ಕಲ್ಲಿನ ಮೇಲ್ಮೈಯ ಹರಳುಗಳನ್ನೂ ಎಳೆದುಕೊಂಡು ಬೀಳುತ್ತದೆ. ಈ ಕಲ್ಲುಗಳ ಅಕ್ಷರ ಬೆರಳು ಸವರಿದರೆ ತಿಳಿಯುವಷ್ಟೇ ಆಳದ್ದು, ಎರಡು ಸಲ ಪದರ ಕಳಚಿದರೆ ಸಾಕು. ಸುಣ್ಣ ಇದಕ್ಕೆ ಹೋಲಿಸಿದರೆ ಪಾಪದ್ದು. ತಲೆಮಾರುಗಳಿಂದ ಸುಣ್ಣ ಬಳಿದ ಕಲ್ಲಿನಲ್ಲಿ ಅಕ್ಷರ ಮುಚ್ಚಿಹೋಗಿರುತ್ತದೆ ನಿಜ, ಆದರೆ ನೀರು ನೆನೆಸಿ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಅಡಿಯಲ್ಲಿ ಚೆನ್ನಾಗಿ ಉಳಿದಿರುವುದುಂಟು.

ಎರಡನೆಯದು ಪಾಯಿಖಾನೆ ತೊಳೆಯುವ ಆಸಿಡ್. ಹಾಕಿದ ದಿನ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಎಲ್ಲರಿಗೂ ಖುಷಿ. ಆಸಿಡ್ ಕಲ್ಲಿನ ಕಪ್ಪು ಹರಳುಗಳಲ್ಲಿರುವ ಕಬ್ಬಿಣವನ್ನು ಕರಗಿಸಿ ಆಚೆ ತರುತ್ತದೆ, ಮುಂದಿನ ಮಳೆಗಾಲದ ಹೊತ್ತಿಗೆ ತುಕ್ಕಿನ ಹಳದಿ ಕಲೆ ಕಾಣಿಸಿಕೊಳ್ಳುತ್ತದೆ. ಒಳಗೆ ಇಂಗಿದ ಉಪ್ಪು ಬೇರೆ ಉಳಿಯುತ್ತದೆ. ಗ್ರೈಂಡರ್, ತಂತಿ ಬ್ರಷ್, ಮರಳು ಊದುವ ಯಂತ್ರ ಇವು ಅಕ್ಷರದ ಅಂಚನ್ನೇ ದುಂಡಗೆ ಮಾಡುತ್ತವೆ. ಅಂಚು ಹೋದರೆ ಓದಲು ಬೇಕಾದ ನೆರಳೂ ಬೀಳುವುದಿಲ್ಲ.

ಬೆಂಕಿಯ ಕೆಡುಕನ್ನು ಬಹಳ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕಲ್ಲಿನ ಬುಡದಲ್ಲಿ ಕಸ ಸುಡುವುದು, ಚಳಿಗೆ ಬೆಂಕಿ ಹಾಕುವುದು, ಒಲೆ ಹೂಡುವುದು ಎಲ್ಲ ಊರಿನಲ್ಲೂ ಇದೆ. ಬಿಸಿಗೆ ಕಣಶಿಲೆಯಲ್ಲಿನ ಬೆಣಚಿನ ಹರಳು ಉಳಿದವಕ್ಕಿಂತ ಹೆಚ್ಚು ಹಿಗ್ಗುತ್ತದೆ, ಮೇಲ್ಮೈ ಹಪ್ಪಳದಂತೆ ಚಕ್ಕೆಯೇಳುತ್ತದೆ. ಕ್ವಾರಿಯಲ್ಲಿ ಹಿಂದೆ ಬೆಂಕಿ ಹಾಕಿಯೇ ಬಂಡೆ ಎಬ್ಬಿಸುತ್ತಿದ್ದರೆಂಬುದು ನಮ್ಮ ಭೋವಿ ಜನಕ್ಕೆ ಚೆನ್ನಾಗಿ ಗೊತ್ತು. ಕೆರೆಗಳದ್ದು ಇನ್ನೊಂದು ಬಗೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಅಂಗಳಗಳಲ್ಲಿ ನೀರು ನಿಂತಿದೆ. ಅಂಗಳದಲ್ಲೋ ತೂಬಿನ ಪಕ್ಕದಲ್ಲೋ ಕಲ್ಲು ಇದ್ದರೆ ಅದರ ಬುಡ ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ನೀರಿನ ಗೆರೆಯ ಮಟ್ಟದಲ್ಲಿ ಉಪ್ಪು ಕೂಡುತ್ತದೆ. ಇಂಥ ಕಲ್ಲುಗಳ ಪಟ್ಟಿಯನ್ನಾದರೂ ಪಂಚಾಯಿತಿಗಳು ಬೇಗ ಮಾಡಬೇಕು.

ಪೂಜೆ ನಡೆಯುವ ಕಲ್ಲಿಗೆ ಎಣ್ಣೆ ಹಾಕಬೇಡಿ ಎಂದು ಹೇಳಲು ಹೋಗಿ ಜಗಳ ತಂದುಕೊಳ್ಳುವುದು ಬೇಡ. ಪೂಜೆ ನಿಂತ ಕಲ್ಲಿಗಿಂತ ಪೂಜೆ ಇರುವ ಕಲ್ಲು ಕ್ಷೇಮ, ಯಾರೂ ಅದನ್ನು ಬಟ್ಟೆ ಒಗೆಯಲು ಒಯ್ಯುವುದಿಲ್ಲ. ಎಣ್ಣೆ, ದೀಪದ ಮಸಿ ಅಕ್ಷರದ ಭಾಗಕ್ಕೆ ತಾಗದಂತೆ ಮುಂದೆ ಒಂದು ಪುಟ್ಟ ದೀಪದ ಕಲ್ಲು ಇಟ್ಟುಕೊಟ್ಟರೆ ಅರ್ಚಕರೂ ಒಪ್ಪುತ್ತಾರೆ.

ತೊಳೆಯುವುದಾದರೆ ಬರೀ ನೀರು. ಪಾಚಿ, ಕಲ್ಲುಹೂವು ಇದ್ದರೆ ಒದ್ದೆ ಗೋಣಿ ಹೊದಿಸಿ ಒಂದೆರಡು ತಾಸು ನೆನೆಸಿ, ಮೆತ್ತನೆಯ ನೈಲಾನ್ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಗಲ್ಲಿನ ಮೇಲೆ ಇಳಿದು ಗೆರೆ ಕಟ್ಟುತ್ತದೆ. ಒಮ್ಮೆಗೆ ಹೋಗದ್ದನ್ನು ಬಿಟ್ಟುಬಿಡಿ. ತೆಳು ಅಮೋನಿಯ ದ್ರಾವಣ ಹಾಕುವುದು ಪುರಾತತ್ವ ಇಲಾಖೆಯ ರಸಾಯನ ವಿಭಾಗದವರ ಕೆಲಸ, ಸಂಘದ ಹುಡುಗರ ಶ್ರಮದಾನದ ಕೆಲಸವಲ್ಲ.

ಅಕ್ಷರ ಕಾಣಲೆಂದು ಸೀಮೆಸುಣ್ಣದ ಪುಡಿ, ಇದ್ದಿಲು, ಮೈದಾಹಿಟ್ಟು ತಿಕ್ಕುವ ಅಭ್ಯಾಸ ಒಂದಿದೆ. ಹಿಟ್ಟು ಬೂಸ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ, ತಿಕ್ಕುವವನು ತನಗೆ ಅಕ್ಷರವೆಂದು ತೋರಿದ ಕಡೆ ಹೆಚ್ಚು ತುಂಬುತ್ತಾನೆ, ಫೋಟೋದಲ್ಲಿ ಕಲ್ಲಿನ ಬಿರುಕೂ ಅಕ್ಷರವಾಗಿ ಕಾಣುತ್ತದೆ. ಇದಕ್ಕೆ ಬದಲು ಕತ್ತಲಾದ ಮೇಲೆ ಹೋಗಿ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಕಲ್ಲಿಗೆ ನೇರವಾಗಿ ನಿಲ್ಲಿಸಿ, ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಮೈಗೆ ಹತ್ತು–ಹದಿನೈದು ಡಿಗ್ರಿ ಓರೆಯಲ್ಲಿ ಪಕ್ಕದಿಂದ ಹಿಡಿಯಬೇಕು. ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಫೋಟೋ. ಎಡಬೆಳಕಿನಲ್ಲಿ ಅಡ್ಡಗೆರೆ ಕಾಣುವುದಿಲ್ಲ, ಮೇಲ್ಬೆಳಕಿನಲ್ಲಿ ಉದ್ದಗೆರೆ ಕಾಣುವುದಿಲ್ಲ, ಆದ್ದರಿಂದ ನಾಲ್ಕೂ ಬೇಕು. ಪಕ್ಕದಲ್ಲಿ ಅಳತೆ ಪಟ್ಟಿ ಇರಲಿ. ಮೂರು ಆಯಾಮದ ಚಿತ್ರ ಮಾಡುವವರಿಗೆ ಮೋಡ ಕವಿದ ಹಗಲು ಒಳ್ಳೆಯದು. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ಸುತ್ತುಗಟ್ಟಿ ಅರವತ್ತು ಎಂಬತ್ತು ಫೋಟೋ ತೆಗೆದರೆ ಸಾಕಾಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಸ್ಕ್ಯಾನರ್ ಹಿಡಿದು ಬೆಂಗಳೂರು ಸುತ್ತಿನ ಶಾಸನಗಳನ್ನು ಹೀಗೆ ದಾಖಲಿಸುತ್ತಿದೆ. ನಮ್ಮ ಜಿಲ್ಲೆಗಳಿಗೂ ಅಂಥದ್ದು ಬೇಕು.

ಕಾಗದದ ಪಡಿಯಚ್ಚು ಇವತ್ತಿಗೂ ಬೆಲೆಯುಳ್ಳದ್ದೇ, ಆದರೆ ಕೈ ಪಳಗಿದವರಿಂದ ಮಾಡಿಸಬೇಕು. ಹತ್ತಿ ಚಿಂದಿಯಿಂದ ಮಾಡಿದ, ಅಂಟು ಹಾಕದ ಕೈಕಾಗದವನ್ನು ನೆನೆಸಿ, ತೊಳೆದು ಒದ್ದೆಮಾಡಿದ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಗಾಳಿಗುಳ್ಳೆ ಹೊರದೂಡುತ್ತ, ಗಟ್ಟಿ ಕೂದಲಿನ ಬ್ರಷ್‌ನಿಂದ ನೇರವಾಗಿ ಬಡಿದು ಕಾಗದವನ್ನು ಅಕ್ಷರದೊಳಗೆ ಇಳಿಸುತ್ತಾರೆ. ಹರಿದಲ್ಲಿ ಒದ್ದೆ ಕಾಗದದ ತುಂಡಿನಿಂದ ತೇಪೆ. ಕಾಗದ ಅರೆ ಆರಿದಾಗ, ಕಾಡಿಗೆಯ ಮಸಿಗೆ ಗೋಂದು ಸೇರಿಸಿದ್ದನ್ನು ಬಟ್ಟೆಯ ಉಂಡೆಯಿಂದ ತಟ್ಟುತ್ತಾರೆ. ಎಲ್ಲವೂ ನಿಂತಿರುವುದು ಈ ಅರೆ ಆರಿದ ಹದದ ಮೇಲೆ. ತೀರಾ ಒದ್ದೆಯಿದ್ದರೆ ಮಸಿ ಕಾಗದ ದಾಟಿ ಕಲ್ಲಿಗೇ ಇಳಿದು ಕಲೆಯಾಗುತ್ತದೆ. ತೀರಾ ಒಣಗಿದರೆ ಕಾಗದ ಅಕ್ಷರದಿಂದ ಮೇಲೆದ್ದು ಅಚ್ಚು ಮಸುಕಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹತ್ತು ಗಂಟೆಯ ಮೇಲೆ ಅಂಚು ಮೊದಲು ಒಣಗಿ ಸುರುಳುತ್ತದೆ, ಹಾಗಾಗಿ ಬೆಳಗ್ಗೆ ಬೇಗ ಮುಗಿಸಬೇಕು. ಗಾಳಿ ಇದ್ದ ದಿನ ಮಾಡುವುದೇ ಬೇಡ. ಚಕ್ಕೆಯೇಳುತ್ತಿರುವ ಕಲ್ಲಿಗೆ ಬ್ರಷ್ ಬಡಿಯಲೇಬಾರದು.

ಸ್ಥಳ ಬದಲಿಸದೆ ಗತಿಯಿಲ್ಲದ ಸಂದರ್ಭಗಳು ಇವೆ. ರಸ್ತೆ ಅಗಲವಾಗುತ್ತದೆ, ಲೇಔಟ್ ಬರುತ್ತದೆ, ಕೆರೆಯ ಹೂಳು ಎತ್ತುತ್ತಾರೆ. ಆಗಲೂ ಊರು ಬಿಟ್ಟು ಹೋಗಬಾರದು, ಮೂಲ ಜಾಗಕ್ಕೆ ಹತ್ತಿರದ ಗುಂಡುತೋಪು, ಗುಡಿಯ ಅಂಗಳ ಅಥವಾ ಶಾಲೆಯ ಆವರಣ ನೋಡಬೇಕು. ಎತ್ತುವ ಮೊದಲು ಜಿಪಿಎಸ್ ಗುರುತು, ಕಲ್ಲು ಮುಖಮಾಡಿದ್ದ ದಿಕ್ಕು, ನೆಲದ ಮೇಲಿನ ಎತ್ತರ, ಪಕ್ಕದಲ್ಲಿದ್ದ ಇತರ ಕಲ್ಲುಗಳ ನಕ್ಷೆ ಬರೆದುಕೊಳ್ಳಬೇಕು. ಜೇಸಿಬಿಯ ಹಲ್ಲು ಹಾಕಿ ಮೀಟಿದರೆ ಕಲ್ಲು ನೆಲಮಟ್ಟದಲ್ಲೇ ತುಂಡಾಗುತ್ತದೆ, ಏಕೆಂದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಮಣ್ಣಿನೊಳಗೆ ಇರಬಹುದು. ಸುತ್ತ ಕೈಯಿಂದ ಅಗೆದು ಬುಡ ಬಿಡಿಸಬೇಕು. ಅಗೆದಾಗ ಇನ್ನೂ ಎರಡು ಸಾಲು ಬರಹ ಸಿಕ್ಕರೆ ಆಶ್ಚರ್ಯಪಡಬೇಡಿ, ನೆಲದ ಮಟ್ಟ ಕಾಲಕಾಲಕ್ಕೆ ಏರಿರುತ್ತದೆ.

ಭಾರದ ಅಂದಾಜು ಮೊದಲೇ ಇರಲಿ. ಕಣಶಿಲೆ ಘನ ಅಡಿಗೆ ಸುಮಾರು 75 ಕಿಲೋ. ಐದು ಅಡಿ ಉದ್ದ, ಮೂರು ಅಡಿ ಅಗಲ, ಎಂಟು ಅಂಗುಲ ದಪ್ಪದ ಕಲ್ಲು ಹತ್ತು ಘನ ಅಡಿ, ಅಂದರೆ 750 ಕಿಲೋ. ಎಂಟು ಜನ ಹೊರುತ್ತೇವೆಂದು ಹೊರಟರೆ ಯಾರದಾದರೂ ಕಾಲು ಹೋಗುತ್ತದೆ. ತ್ರಿಪಾದಿಗೆ ಚೈನ್ ಪುಲ್ಲಿ ಕಟ್ಟಿ, ಕಲ್ಲಿಗೆ ಮಾತ್ರ ಸರಪಳಿ ಬಿಗಿಯದೆ ಅಗಲದ ನೈಲಾನ್ ಬೆಲ್ಟ್ ಹಾಕಿ, ಅಂಚಿಗೆ ಗೋಣಿಯನ್ನೋ ಹಳೆ ಟೈರಿನ ತುಂಡನ್ನೋ ಕೊಡಬೇಕು. ಟ್ರೈಲರಿನಲ್ಲಿ ಆರು ಅಂಗುಲ ಮರಳು ಹಾಸಿ, ಶಿಲ್ಪ ಮೇಲಾಗಿ ಮಲಗಿಸಿ, ಉದ್ದಕ್ಕೂ ಆಸರೆ ಸಿಗುವಂತೆ ನೋಡಿಕೊಳ್ಳಬೇಕು. ಎರಡು ತುದಿಗೆ ಮಾತ್ರ ದಿಮ್ಮಿ ಕೊಟ್ಟರೆ ಹಳ್ಳಿಯ ರಸ್ತೆಯ ಮೊದಲ ಗುಂಡಿಯಲ್ಲೇ ನಡು ಮುರಿಯಬಹುದು.

ನೆಡುವಾಗ ಸಿಮೆಂಟು ಬೇಡ. ಸಿಮೆಂಟಿನ ಉಪ್ಪು ತೇವದೊಡನೆ ಕಲ್ಲಿಗೆ ಏರುತ್ತದೆ, ಮುಂದೆ ತೆಗೆಯಬೇಕಾದರೆ ಒಡೆಯದೆ ತೆಗೆಯಲೂ ಆಗುವುದಿಲ್ಲ. ಗುಂಡಿಯ ತಳಕ್ಕೆ ದಪ್ಪ ಜಲ್ಲಿ, ಮೇಲೆ ಮರಳು, ಕಲ್ಲು ಇಳಿಸಿ ತೂಗುಗುಂಡು ಹಿಡಿದು ನೇರ ಮಾಡಿ, ಸುತ್ತ ಸೀಳುಗಲ್ಲು ಗಿಡಿದು, ಪದರ ಪದರವಾಗಿ ಮರಳು ಜಲ್ಲಿ ತುಂಬಿ ಹಾರೆಯಿಂದ ಗುದ್ದಿದರೆ ನಿಲ್ಲುತ್ತದೆ. ನೀರು ಆಚೆ ಹರಿಯುವಂತೆ ಸುತ್ತ ಇಳಿಜಾರು ಕೊಡಬೇಕು. ಗೋಡೆಗೆ ಒರಗಿಸಬಾರದು, ಹಿಂದೆ ಒಂದಡಿಯಾದರೂ ಬಿಡಬೇಕು. ಹಿಂಬದಿಯಲ್ಲೂ ಬರಹ ಇರುವ ಕಲ್ಲುಗಳಿವೆ. ಹಳೆಯ ಜಾಗ ಯಾವುದೆಂದು ಬರೆದ ಫಲಕ ಪಕ್ಕದಲ್ಲಿರಲಿ, ಕಲ್ಲಿನ ಮೈಮೇಲೆ ದಾನಿಗಳ ಹೆಸರು ಬೇಡ. ಇದನ್ನು ಹೇಳಬೇಕಾಗಿ ಬಂದದ್ದೇ ನಾಚಿಕೆ.

ಕಾನೂನು ಏನೆನ್ನುತ್ತದೆ ಎಂದು ಕೇಳಿದರೆ ಉತ್ತರ ಸ್ವಲ್ಪ ಪೇಚಿನದು. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡೂ ಕಾಯುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳನ್ನು. ಕೇಂದ್ರದ ಪಟ್ಟಿಯಲ್ಲಿರುವುದಕ್ಕೆ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ. ಹೊಲದ ಬದುವಿನ ವೀರಗಲ್ಲು ಸಾಮಾನ್ಯವಾಗಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನ ಪುರಾತನ ವಸ್ತುವೇ, ಲೈಸೆನ್ಸ್ ಇಲ್ಲದೆ ಮಾರಾಟದ ವ್ಯಾಪಾರ ನಡೆಸುವಂತಿಲ್ಲ, ದೇಶದಾಚೆ ಸಾಗಿಸುವಂತಿಲ್ಲ. ನಿಧಿಯಾಸೆಗೆ ಕಲ್ಲಿನ ಬುಡ ಅಗೆದವರು ಕಂಡರೆ ಪೊಲೀಸರಿಗೂ ತಹಶೀಲ್ದಾರರಿಗೂ ದೂರು ಕೊಡಬೇಕು. ವೀರಗಲ್ಲಿನ ಕೆಳಗೆ ಇರುವುದು ಮಣ್ಣು. ಅದನ್ನು ನಿಲ್ಲಿಸಿದ ಜನರ ಬಳಿ ಹೂಳಲು ಚಿನ್ನವಿದ್ದಿದ್ದರೆ ದನ ಕಾಯಲು ಸಾಯುತ್ತಿರಲಿಲ್ಲ.

ಹೊಸ ಸ್ಮಾರಕ ಕಟ್ಟುವವರಿಗೂ ಒಂದೆರಡು ಮಾತು. ಹಳೆಯ ಕಲ್ಲು ಸಾವಿರ ವರ್ಷ ಓದಿಸಿಕೊಂಡದ್ದು ಉಳಿಯಿಂದ ಕೆತ್ತಿದ್ದರಿಂದ. ಈಗ ರೂಢಿಯಲ್ಲಿರುವಂತೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನ ಮೇಲೆ ತೆಳ್ಳಗೆ ಮರಳು ಹೊಡೆದು ಬಂಗಾರದ ಬಣ್ಣ ತುಂಬಿದರೆ, ಬಿಸಿಲು ಮಳೆಗೆ ಬಣ್ಣ ಹೋದ ದಿನ ಹೆಸರೂ ಹೋಗುತ್ತದೆ. ಮೂರು ನಾಲ್ಕು ಮಿಲಿಮೀಟರ್ ಆಳಕ್ಕೆ, ತಳ ಚೂಪಾಗಿ ಇಳಿಯುವಂತೆ ಕೆತ್ತಿಸಿದರೆ ಬಣ್ಣವಿಲ್ಲದೆಯೂ ನೆರಳಿನಿಂದಲೇ ಓದಬಹುದು. ಶಿವಾರಪಟ್ಟಣದ ಶಿಲ್ಪಿಗಳು ನಮ್ಮ ಜಿಲ್ಲೆಯಲ್ಲೇ, ಮಾಲೂರು ತಾಲ್ಲೂಕಿನಲ್ಲೇ ಇರುವಾಗ ಟೈಲ್ಸ್ ಅಂಗಡಿಗೆ ಯಾಕೆ ಹೋಗಬೇಕು?

ಹೆಸರಿನ ಜೊತೆ ಹುದ್ದೆ, ದಳ, ಸೇವಾ ಸಂಖ್ಯೆ, ಹುಟ್ಟಿದ ಹಳ್ಳಿ, ಸತ್ತ ದಿನ, ಸತ್ತ ಸ್ಥಳ ಇರಬೇಕು. ‘ಹುತಾತ್ಮ’ ಎಂಬ ಒಂದೇ ಪದ ಮುಂದಿನವರಿಗೆ ಏನೂ ಹೇಳುವುದಿಲ್ಲ. ಸ್ವಾತಂತ್ರ್ಯದ ನಂತರದವರ ವಿವರಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲಿನ ಹೆಸರುಗಳ ಜೊತೆ ಅದನ್ನು ತಾಳೆ ನೋಡಬೇಕು. ಎರಡು ಮಹಾಯುದ್ಧಗಳವರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್, 1942ರ ಫೆಬ್ರುವರಿಯಲ್ಲಿ ಸಿಂಗಪುರ ಬಿದ್ದಾಗ ಅಲ್ಲಿದ್ದ ಮೈಸೂರು ಇನ್‌ಫೆಂಟ್ರಿ, ಇವೆರಡರ ಹೆಸರಿನಲ್ಲಿ ಹುಡುಕುವುದು ಹಳೆ ಮೈಸೂರಿನವರಿಗೆ ಅನುಕೂಲ. ಆ ಪಟ್ಟಿಗಳಲ್ಲಿ ಕನ್ನಡದ ಹೆಸರು ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದಿರುತ್ತದೆ. ಮುನಿಯಪ್ಪ, ಮುನಿಸಾಮಿ, ಮುನ್ಸಾಮಿ ಎಲ್ಲವನ್ನೂ ಹಾಕಿ ನೋಡಬೇಕು, ಮನೆಯವರನ್ನು ಕೇಳಿ ಸರಿಪಡಿಸಿದ ಮೇಲೆಯೇ ಕಲ್ಲಿಗೆ ಕೊಡಬೇಕು. ಒಂದು ಸಲ ಕೆತ್ತಿದ ಒತ್ತಕ್ಷರ ತಿದ್ದಲಾಗುವುದಿಲ್ಲ.

ಕೊನೆಗೆ ಜಿಲ್ಲಾಡಳಿತಕ್ಕೆ ಒಂದು ಬೇಡಿಕೆ. ರಸ್ತೆ, ಕೆರೆ ಹೂಳು, ಲೇಔಟ್ ಕಾಮಗಾರಿಗಳ ಅಂದಾಜು ಪಟ್ಟಿ ತಯಾರಿಸುವಾಗಲೇ ಎಂಜಿನಿಯರರು ಆ ಸರ್ವೆ ನಂಬರುಗಳಲ್ಲಿ ಶಾಸನ, ವೀರಗಲ್ಲು, ಮಾಸ್ತಿಗಲ್ಲು ಇವೆಯೇ ಎಂದು ಗ್ರಾಮ ಆಡಳಿತ ಅಧಿಕಾರಿಗಳಿಂದ (ಹಿಂದಿನ ಗ್ರಾಮ ಲೆಕ್ಕಿಗರು) ಬರಹದಲ್ಲಿ ಪಡೆಯಬೇಕು. ಇದ್ದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯವರು ಬಂದು ನೋಡುವವರೆಗೆ ಕಲ್ಲಿನ ಸುತ್ತ ಹತ್ತು ಅಡಿ ಯಂತ್ರ ಇಳಿಸಬಾರದು ಎಂಬ ಷರತ್ತು ಟೆಂಡರಿನಲ್ಲೇ ಸೇರಬೇಕು, ಕೈಯಿಂದ ಅಗೆಯುವ ಕೂಲಿಯನ್ನೂ ಅದರಲ್ಲೇ ಹಿಡಿಯಬೇಕು. ಈಗ ಆ ಖರ್ಚಿಗೆ ಬಾಬ್ತು ಇಲ್ಲದ್ದರಿಂದಲೇ ಗುತ್ತಿಗೆದಾರ ಕಲ್ಲನ್ನು ಏರಿಯ ಮಣ್ಣಿನೊಳಗೆ ತಳ್ಳಿ ಮುಚ್ಚುವುದು.

ಇಂತಿ,
ಶಾಸನಾಸಕ್ತ ಓದುಗರು
ಮುಳಬಾಗಿಲು, ಕೋಲಾರ ಜಿಲ್ಲೆ